ಮುಂದುವರಿದ ದೇಶದ ಉಪಚಾರ

ಮುಂದುವರಿದ ದೇಶಕ್ಕೂ ಮುಂದುವರಿಯುತ್ತಿರುವ ದೇಶಕ್ಕೂ ಏನು ವ್ಯತ್ಯಾಸ ಎಂಬುದನ್ನು ದೊಡ್ಡ ದೊಡ್ಡ ವಿದ್ವಾಂಸರು ತಲಾ ಆದಾಯ, ರಸ್ತೆ, ವಿದ್ಯುತ್ತು, ಶಾಲೆ ಎಂದೆಲ್ಲ ಅಳೆದು ನೋಡಿದ್ದಾರೆ. ಥಾಣೆಯ ಪಕ್ಕದ ಐರೋಲಿಯ ಪ್ರೇಮನಾಥ ಅದನ್ನು ಒಂದು ತುಂಡು ಕೇಕಿನಿಂದ ಕಂಡುಹಿಡಿದ. ಸರಿಯಾಗಿ ಹೇಳುವುದಾದರೆ, ಬಾಯಿಯವರೆಗೆ ಬಾರದೆ ಹೋದ ಒಂದು ತುಂಡು ಕೇಕಿನಿಂದ.

ಪ್ರೇಮನಾಥ ಉಡುಪಿಯ ಹತ್ತಿರದ ಕಟಪಾಡಿಯವನು. ಥಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಬಿಸ್ಕತ್ತಿಗೆ ಪೊಟ್ಟಣ ಹಾಕುವ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದ. ೨೦೧೧ರಲ್ಲಿ ಆ ಕಾರ್ಖಾನೆ ಜರ್ಮನಿಯಿಂದ ಒಂದು ಯಂತ್ರ ತರಿಸಿತು. ಯಂತ್ರ ಬಂತು, ನಿಂತಿತು, ನಿಂತೇ ಇತ್ತು. ಅದನ್ನು ಓಡಿಸುವುದು ಹೇಗೆಂದು ಕಲಿತು ಬರಲು ಪ್ರೇಮನಾಥನನ್ನು ಎರಡು ವಾರದ ಮಟ್ಟಿಗೆ ಜರ್ಮನಿಗೆ ಕಳಿಸಿದರು.

ಹೋದ ಮೊದಲ ಸಂಜೆಯೇ ಅಲ್ಲಿನ ತರಬೇತುದಾರ ಅವನನ್ನು ಮನೆಗೆ ಕರೆದುಕೊಂಡು ಹೋದ. ಮನೆಯಾಕೆ ಒಂದು ತಟ್ಟೆ ಕೇಕ್ ತಂದು ಮುಂದೆ ಹಿಡಿದು, ಬೇಕೇ ಎಂದು ಕೇಳಿದಳು. ಪ್ರೇಮನಾಥನಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಆದ್ದರಿಂದ ಅವನು ಬೇಡ ಎಂದ.

ಮರ್ಯಾದಸ್ಥರ ಮನೆಯಲ್ಲಿ ಬೆಳೆದವನು ಬೇರೆ ಏನು ಹೇಳಿಯಾನು? ಮೊದಲ ಬೇಡ ಎಂಬುದು ಬೇಡ ಅಲ್ಲ, ಅದು ನಮಸ್ಕಾರದ ಮುಂದುವರಿಕೆ. ಎರಡನೆಯ ಸಲ ಕೇಳಿದಾಗ ತಟ್ಟೆಯ ಕಡೆ ನೋಡದೆ, ಸ್ವಲ್ಪ ಮೆತ್ತಗೆ ಬೇಡ ಎನ್ನಬೇಕು. ಮೂರನೆಯ ಸಲ ಮನೆಯವರು "ನಮ್ಮ ಮನೇದು ಆಗುವುದಿಲ್ವಾ?" ಎಂದು ಮುಖ ಸಣ್ಣದು ಮಾಡುತ್ತಾರೆ. ಆಗ "ಛೆ ಛೆ, ಹಾಗೆಲ್ಲ ಇಲ್ಲ, ನೀವು ಇಷ್ಟು ಹೇಳುವಾಗ ಅರ್ಧ ಕೊಡಿ" ಎಂದು ಮೂರು ತಿನ್ನಬೇಕು. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಅಂಬೆಗಾಲಿನ ಮಗುವಿಗೂ ಗೊತ್ತಿರುತ್ತದೆ.

ಜರ್ಮನಿಯ ಆ ಹೆಂಗಸಿಗೆ ಗೊತ್ತಿರಲಿಲ್ಲ. ಅವಳು ಸರಿ ಎಂದು ಸೌಜನ್ಯದಿಂದ ನಕ್ಕು ತಟ್ಟೆಯೊಂದಿಗೆ ಒಳಗೆ ಹೋದಳು. ಪ್ರೇಮನಾಥ ಎರಡನೆಯ ಬೇಡವನ್ನು ನಾಲಿಗೆಯ ಮೇಲೆ ಸಿದ್ಧವಾಗಿಟ್ಟುಕೊಂಡು ಕಾದ. ಒಳಗಿನಿಂದ ಫ್ರಿಜ್ಜಿನ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಆ ನಿಶ್ಶಬ್ದದಲ್ಲಿ ಮನುಷ್ಯ ತನ್ನ ಇಡೀ ಸಂಸ್ಕಾರವನ್ನು ಮರುಪರಿಶೀಲಿಸಬಹುದಾಗಿತ್ತು. ಪ್ರೇಮನಾಥ ಅದನ್ನೇ ಮಾಡಿದ.

ಮರುದಿನ ಅಲ್ಲಿನ ಕಾರ್ಖಾನೆಯಲ್ಲಿ ಇನ್ನೊಂದು ಕಂಡ. ಮ್ಯಾನೇಜರ್ ಬಂದು, ಯಂತ್ರ ಸಂಜೆಗೆ ಸಿದ್ಧವಾಗುತ್ತದೆಯೇ ಎಂದು ಕೇಳಿದ. ಕೆಲಸಗಾರ ಇಲ್ಲ ಎಂದ. ಮ್ಯಾನೇಜರ್ ತಲೆಯಾಡಿಸಿ ಹೋದ. ಅಷ್ಟೇ! ವಾಗ್ಳೆ ಎಸ್ಟೇಟಿನಲ್ಲಾದರೆ "ಹೋ ಜಾಯೇಗಾ ಸಾಬ್" ಎಂಬ ಉತ್ತರ ಬರುತ್ತಿತ್ತು. ಆ ಮಾತನ್ನು ಪ್ರೇಮನಾಥ ಮ್ಯಾನೇಜರನಿಗೆ, ಮ್ಯಾನೇಜರ್ ಮಾಲೀಕನಿಗೆ, ಮಾಲೀಕ ಗಿರಾಕಿಗೆ ದಾಟಿಸುತ್ತಿದ್ದರು. ಸಂಜೆ ಲಾರಿ ಬಂದು ಗೇಟಿನಲ್ಲಿ ನಿಂತಾಗ ಯಂತ್ರದ ಹೊಟ್ಟೆ ಇನ್ನೂ ಬಿಚ್ಚಿಕೊಂಡೇ ಇರುತ್ತಿತ್ತು.

ಹೀಗೆ ಕೇಕಿನಿಂದ ಮೊಳೆತು ಯಂತ್ರದಲ್ಲಿ ಬೆಳೆದ ಸಿದ್ಧಾಂತ ಇದು: ಎಲ್ಲಿ ಬೇಡ ಎಂದರೆ ಬೇಡ ಎಂದೇ ಅರ್ಥವೋ ಅದು ಮುಂದುವರಿದ ದೇಶ. ಉಳಿದದ್ದೆಲ್ಲ, ಅಂದರೆ ರಸ್ತೆ, ಸೇತುವೆ, ತಲಾ ಆದಾಯ, ಅದರ ಹಿಂದೆ ತಾನಾಗಿ ಬರುತ್ತದೆ.

ಸಿದ್ಧಾಂತದ ಮೊದಲ ಪ್ರಯೋಗ ಮನೆಯಲ್ಲೇ ನಡೆಯಿತು. ಜರ್ಮನಿಯಿಂದ ಫೋನ್ ಮಾಡಿ ಏನು ತರಲಿ ಎಂದು ಕೇಳಿದ್ದಾಗ ಮಗಳು ಅಶ್ಮಿತಾ ಒಂದು ಸೆಂಟಿನ ಹೆಸರು ಹೇಳಿದ್ದಳು. ಹೆಂಡತಿ ಜಯಲತಾ "ನಂಗೆಂತದೂ ಬೇಡ ಮಾರಾಯ್ರೆ, ನೀವು ಸರಿಯಾಗಿ ಬಂದ್ರೆ ಸಾಕು" ಎಂದಿದ್ದಳು. ಪ್ರೇಮನಾಥ ಸರಿಯಾಗಿ ಬಂದ. ಸೂಟ್‌ಕೇಸ್ ಬಿಚ್ಚಿದಾಗ ಸೆಂಟ್ ಹೊರಬಂತು. ಜಯಲತಾ ಅಂಗಿಗಳನ್ನು ಎತ್ತಿ ನೋಡಿದಳು, ಸಾಕ್ಸ್‌ಗಳ ಒಳಗೆ ಕೈ ಹಾಕಿ ನೋಡಿದಳು, ಸೂಟ್‌ಕೇಸನ್ನು ಮಗುಚಿ ಬೆನ್ನು ತಟ್ಟಿದಳು.

"ನಂಗೆ?"

"ನೀನು ಬೇಡ ಅಂದೆಯಲ್ಲ ಜಯಾ. ನಿನ್ನ ಮಾತಿಗೆ ನಾನು ಬೆಲೆ ಕೊಟ್ಟದ್ದು."

ಜಯಲತಾ ಎದ್ದು ಅಡುಗೆಮನೆಗೆ ಹೋದಳು. ಅಂದಿನಿಂದ ಒಂದು ವಾರ ಆ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು.

ಎರಡನೆಯ ಪ್ರಯೋಗ ಎದುರುಮನೆಯ ಮರಾಠಿ ಚಿಕ್ಕಮ್ಮ ಮ್ಹಾತ್ರೆ ಕಾಕುವಿನ ಮೇಲೆ ನಡೆಯಿತು. ಕಾಕು ದಿನಾ ಸಂಜೆ ಬಾಗಿಲಲ್ಲೇ "ಚಹಾ ನಕೋ ಹಂ" ಎಂದು ಘೋಷಿಸಿ ಒಳಗೆ ಬಂದು ಎರಡು ಕಪ್ ಚಹಾ ಕುಡಿದು ಹೋಗುವವಳು. ಅಂದು ಜಯಲತಾ ಮಾರ್ಕೆಟ್ಟಿಗೆ ಹೋಗಿದ್ದಳು. ಕಾಕು ಎಂದಿನಂತೆ ಚಹಾ ಬೇಡ ಎಂದಳು. ಪ್ರೇಮನಾಥ "ಬರ್ರ್" ಎಂದು ಒಪ್ಪಿ ಪೇಪರ್ ಓದತೊಡಗಿದ. ಕಾಕು ಕೂತಳು. ಟಿವಿಯಲ್ಲಿ ಒಂದು ಧಾರಾವಾಹಿ ಮುಗಿದು ಇನ್ನೊಂದು ಶುರುವಾಯಿತು. ಕಾಕು ಕೆಮ್ಮಿದಳು. ಅಡುಗೆಮನೆಯ ಕಡೆಗೆ ಕುತ್ತಿಗೆ ಚಾಚಿದಳು. ಕೊನೆಗೆ ಎದ್ದು, ಸತ್ತವರ ಮನೆಯಿಂದ ಹೊರಡುವವರ ಹಾಗೆ ಹೇಳದೆ ಹೋದಳು.

ರಾತ್ರಿ ಊಟದ ಹೊತ್ತಿಗೆ ಬಿಲ್ಡಿಂಗಿನ ಎಲ್ಲ ಮಹಡಿಗಳಿಗೂ ಸುದ್ದಿ ತಲುಪಿತ್ತು: ಪ್ರೇಮನಾಥನ ನೌಕರಿ ಹೋಗಿದೆ, ಮನೆಯಲ್ಲಿ ಚಹಾಪುಡಿಗೂ ಗತಿ ಇಲ್ಲ, ಜರ್ಮನಿ ಗಿರ್ಮನಿ ಎಲ್ಲ ಸುಳ್ಳು, ಪಾಪ, ಎರಡು ವಾರ ಎಲ್ಲಿ ಅಡಗಿದ್ದನೋ. ವಾಗ್ಳೆ ಎಸ್ಟೇಟಿನಲ್ಲಿ ವರ್ಷಕ್ಕೊಂದೆರಡು ಕಾರ್ಖಾನೆ ಬಾಗಿಲು ಹಾಕುತ್ತಿದ್ದ ಕಾಲ ಅದು, ನಂಬಲು ಯಾರಿಗೂ ಕಷ್ಟವಾಗಲಿಲ್ಲ. ಮರುದಿನ ಬೆಳಿಗ್ಗೆ ನೆಲಮಹಡಿಯವರು ಒಂದು ಡಬ್ಬಿ ಸಕ್ಕರೆ ತಂದರು. ಸೊಸೈಟಿಯ ಸೆಕ್ರೆಟರಿ ಚಹಾಪುಡಿ ತಂದ. ಪ್ರೇಮನಾಥ ಬೇಡ ಎಂದ. ಅವರು ಮುಂದುವರಿಯುತ್ತಿರುವ ದೇಶದವರಾದ್ದರಿಂದ ಮೂರು ಸಲ ಒತ್ತಾಯಿಸಿ ಬಾಗಿಲಲ್ಲೇ ಇಟ್ಟು ಹೋದರು. ಬಿಲ್ಡಿಂಗಿನವರ ಪ್ರೀತಿ ದೊಡ್ಡದು ಎಂದುಕೊಂಡು ಪ್ರೇಮನಾಥ ಡಬ್ಬಿಗಳನ್ನು ಒಳಗೆ ತೆಗೆದಿಟ್ಟ. ಕಾರಣ ಕೇಳಬೇಕೆಂದು ಅವನಿಗೆ ಹೊಳೆಯಲಿಲ್ಲ.

ಇಷ್ಟರಲ್ಲೇ ಮುಗಿದಿದ್ದರೆ ಸಿದ್ಧಾಂತ ಯಾರಿಗೂ ತೊಂದರೆ ಕೊಡದೆ ತಾನಾಗಿ ಸಾಯುತ್ತಿತ್ತು. ಆದರೆ ಆ ಭಾನುವಾರ ಅಶ್ಮಿತಾಳ ಮದುವೆಯ ಮಾತಿತ್ತು.

ಅಶ್ಮಿತಾ ಐರೋಲಿಯ ಐಟಿ ಪಾರ್ಕಿನಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿಯೇ ಕೆಲಸದಲ್ಲಿದ್ದ ಸುಮುಖ ಎಂಬ ಹುಡುಗನೂ ಅವಳೂ ಮದುವೆಯಾಗುವುದೆಂದು ತಾವೇ ತೀರ್ಮಾನಿಸಿಕೊಂಡಿದ್ದರು. ಸುಮುಖನ ಮನೆಯವರು ಮೈಸೂರಿನವರು, ಸಾನಪಾಡಾದಲ್ಲಿ ವಾಸ. ತಂದೆ ಜಗನ್ನಾಥ ಬ್ಯಾಂಕಿನ ಅರ್ಥಶಾಸ್ತ್ರದ ವಿಭಾಗದಿಂದ ನಿವೃತ್ತರಾದವರು, ಬಜೆಟ್ ಬಂದಾಗಲೆಲ್ಲ ಕನ್ನಡ ಸಂಘದಲ್ಲಿ ಭಾಷಣ ಮಾಡುವವರು. ಆದರೆ ಮನೆಯಲ್ಲಿ ಬಜೆಟ್ಟೂ ಮತವೂ ತಾಯಿ ಸುಬ್ಬಲಕ್ಷ್ಮಿಯ ಕೈಯಲ್ಲಿದ್ದವು. ಜಾತಿ ಬೇರೆ, ಊಟ ಬೇರೆ, ಮನೆಮಾತು ತುಳು. ಇಷ್ಟನ್ನೂ ನುಂಗಿಕೊಂಡು ಸುಬ್ಬಲಕ್ಷ್ಮಿ, "ಒಂದ್ಸಲ ಮನೆ ನೋಡ್ಕೊಂಡು ಬರೋಣ, ಆಮೇಲೆ ಹೇಳ್ತೀನಿ" ಎಂದಿದ್ದಳು. ಎಲ್ಲವೂ ಆ 'ಆಮೇಲೆ'ಯ ಮೇಲೆ ನಿಂತಿತ್ತು.

ಜಯಲತಾ ಒಂದು ವಾರದಿಂದ ಮನೆಯೊಳಗೆ ಮೀನು ತರಿಸಿರಲಿಲ್ಲ. ಮೈಸೂರಿನವರಿಗೆಂದು ಮಾಟುಂಗಾದಿಂದ ಫಿಲ್ಟರ್ ಕಾಫಿಯ ಪುಡಿ ತರಿಸಿದ್ದಳು. ಹಿಂದಿನ ದಿನವೇ ಪತ್ರೊಡೆ ಕಟ್ಟಿ ಬೇಯಿಸಿ, ಹಾಲುಬಾಯಿ ಕಾಯಿಸಿ ತಟ್ಟೆಗೆ ಹೊಯ್ದಿಟ್ಟಿದ್ದಳು. ಬನ್ಸಿನ ಹಿಟ್ಟು ಕಲಸಿಟ್ಟದ್ದಾಗಿತ್ತು. ಗೋಳಿಬಜೆ ಮಾತ್ರ ಬಿಸಿಬಿಸಿ ಕರಿಯಬೇಕು. ಬಡಿಸುವ ಕೆಲಸ ತನಗೆ, ಒತ್ತಾಯ ಮಾಡುವ ಕೆಲಸ ಅಣ್ಣ ಲೀಲಾಧರನಿಗೆ ಎಂದು ಹಂಚಿದ್ದಳು. ಲೀಲಾಧರ ಡೊಂಬಿವಲಿಯಲ್ಲಿ ಹೋಟೆಲ್ ನಡೆಸುವವನು. ಅವನ ಹೋಟೆಲಿಗೆ ವಿಳಾಸ ಕೇಳಲು ಬಂದವನೂ ಶಿರಾ ತಿನ್ನದೆ ಹೊರಗೆ ಹೋದದ್ದಿಲ್ಲ.

ಅಶ್ಮಿತಾ ತಂದೆಗೆ ಒಂದೇ ಮಾತು ಹೇಳಿದಳು: "ಪಪ್ಪಾ, ಪ್ಲೀಸ್. ನಾರ್ಮಲ್ ರೆಹನಾ."

ಭಾನುವಾರ ಮಧ್ಯಾಹ್ನ ಲೀಲಾಧರನ ಫೋನ್ ಬಂತು. "ಭಾವ, ಮೆಗಾಬ್ಲಾಕ್ ಮಾರಾಯ್ರೆ! ಥಾಣೆಯಲ್ಲಿ ಸಿಕ್ಕಿಬಿದ್ದಿದ್ದೇನೆ, ಹಳಿ ರಿಪೇರಿಗೆಂದು ಈ ಕಡೆ ರೈಲೇ ಬಿಟ್ಟಿಲ್ಲ. ನಾನು ಬರುವವರೆಗೆ ಅವರನ್ನು ಬಿಡ್ಬೇಡಿ. ತಿನ್ನಿಸ್ತಾ ಇರಿ, ತಿನ್ನಿಸ್ತಾ ಇರಿ!"

ಫೋನ್ ಇಡುವಷ್ಟರಲ್ಲಿ ಬಾಗಿಲ ಗಂಟೆ ಬಡಿಯಿತು. ಸಾನಪಾಡಾದವರು ಕಾರಿನಲ್ಲಿ ಬಂದಿದ್ದರು. ಕರಾವಳಿಯವರು ತಿನ್ನಿಸಿ ಕೊಲ್ಲುತ್ತಾರಂತೆ ಎಂದು ಯಾರೋ ಹೇಳಿದ್ದನ್ನು ಕೇಳಿ ಸುಬ್ಬಲಕ್ಷ್ಮಿ ಅಂದು ಮನೆಯಲ್ಲಿ ಅಡುಗೆಯನ್ನೇ ಮಾಡಿರಲಿಲ್ಲ. ಅಪ್ಪ, ಅಮ್ಮ, ಮಗ ಮೂವರೂ ಬೆಳಗಿನ ಕಾಫಿಯ ಮೇಲಿದ್ದರು.

ನಮಸ್ಕಾರ, ಕೂತ್ಕೊಳ್ಳಿ, ಫ್ಯಾನ್ ಜೋರು ಮಾಡ್ಲಾ ಎಲ್ಲ ಆಯಿತು. ಒಳಗೆ ಎಣ್ಣೆ ಕಾಯುತ್ತಿರುವ ಪರಿಮಳ ಹಾಲ್‌ಗೆ ಬಂತು. ಸುಮುಖ ಆ ಕಡೆಗೆ ಮೂಗು ತಿರುಗಿಸಿದ.

"ತಿಂಡಿ ಎಂತದಾದ್ರೂ ತಗೊಳ್ತೀರಾ?" ಎಂದು ಪ್ರೇಮನಾಥ ಕೇಳಿದ.

"ಅಯ್ಯೋ, ಏನೂ ತೊಂದ್ರೆ ತಗೋಬೇಡಿ" ಎಂದರು ಜಗನ್ನಾಥ. "ಈಗ ತಾನೇ ಊಟ ಮುಗಿಸ್ಕೊಂಡು ಬಂದ್ವಿ."

ಪ್ರೇಮನಾಥನ ಮುಖ ಅರಳಿತು. ಅರ್ಥಶಾಸ್ತ್ರ ಬಲ್ಲವರು! ಇಂಥವರ ಎದುರು ಮೂರು ಸಲ ಕೇಳಿ ಸಣ್ಣವನಾಗುವುದುಂಟೇ? ಅವನು ಅಡುಗೆಮನೆಯ ಕಡೆಗೆ ತಿರುಗಿ ಗಟ್ಟಿಯಾಗಿ ಹೇಳಿದ: "ಜಯಾ, ಅವರಿಗೆ ಏನೂ ಬೇಡಂತೆ. ಗ್ಯಾಸ್ ಬಂದ್ ಮಾಡು!"

ಒಳಗೆ ಒಂದು ಸೌಟು ಕೆಳಗೆ ಬಿತ್ತು.

ಸಾನಪಾಡಾದ ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಇದು ಕರಾವಳಿಯ ಹಾಸ್ಯವಿರಬೇಕು ಎಂದು ಜಗನ್ನಾಥ ನಕ್ಕರು. ಪ್ರೇಮನಾಥನೂ ನಕ್ಕ. ನಂತರ ಅವನು ಸೋಫಾದ ಅಂಚಿಗೆ ಸರಿದು ಕೇಳಿದ: "ಸಾರ್, ನೀವು ಓದಿದವರು. ಜರ್ಮನಿಗೂ ನಮಗೂ ಎಂತ ವ್ಯತ್ಯಾಸ, ಹೇಳಿ ನೋಡುವ?"

ಜಗನ್ನಾಥ ಉತ್ಸಾಹದಿಂದ ಶುರುಮಾಡಿದರು. "ಮುಖ್ಯವಾಗಿ ಉತ್ಪಾದಕತೆ. ಬಂಡವಾಳ, ಶಿಕ್ಷಣ. ಅಲ್ಲಿ ಒಬ್ಬ ಕೆಲಸಗಾರ ಮಾಡೋದನ್ನ ಇಲ್ಲಿ..."

"ಅಲ್ಲ ಸಾರ್" ಎಂದ ಪ್ರೇಮನಾಥ. "ಅದೇ ಯಂತ್ರ ಅಲ್ಲಿ ಉಂಟು, ಅದೇ ಯಂತ್ರ ನಮ್ಮಲ್ಲೂ ಉಂಟು. ಅಲ್ಲಿ ಓಡ್ತದೆ, ಇಲ್ಲಿ ನಿಲ್ತದೆ. ಯಾಕೆ? ಅಲ್ಲಿ ಆಗುದಿಲ್ಲ ಅಂದ್ರೆ ಆಗುದಿಲ್ಲ. ಬೇಡ ಅಂದ್ರೆ ಬೇಡ. ಇಲ್ಲಿ ಆಗ್ತದೆ ಅಂದ್ರೂ ಆಗುದಿಲ್ಲ, ಬೇಡ ಅಂದ್ರೂ ಬೇಕು. ಯಾರ ಮಾತನ್ನು ಹಿಡ್ಕೊಂಡು ಲೆಕ್ಕ ಹಾಕುದು ಸಾರ್?"

ಜಗನ್ನಾಥರ ಹುಬ್ಬು ಮೇಲೇರಿತು. ಇದು ಬರಿಯ ಹರಟೆಯಲ್ಲ, ಇದರಲ್ಲಿ ವಿಷಯವಿದೆ ಎಂದು ಅವರ ತಲೆ ಹೇಳಿತು. ಅದೇ ಹೊತ್ತಿಗೆ ಅವರ ಹೊಟ್ಟೆ ಸದ್ದು ಮಾಡಿತು. ಎರಡನ್ನೂ ಒಟ್ಟಿಗೆ ಕೇಳಿಸಿಕೊಳ್ಳುವುದು ಅವರಿಗೆ ಕಷ್ಟವಾಯಿತು.

ಜಯಲತಾಳಿಗೆ ತಡೆಯಲಾಗಲಿಲ್ಲ. ಗೋಳಿಬಜೆ, ಬನ್ಸು, ಹಾಲುಬಾಯಿ ತುಂಬಿದ ತಟ್ಟೆಯನ್ನು ತಾನೇ ತಂದು ಟೀಪಾಯಿಯ ಮೇಲಿಟ್ಟಳು. ಸುಬ್ಬಲಕ್ಷ್ಮಿಯ ಕಣ್ಣು ತಟ್ಟೆಗೆ ಹೋಗಿ ಅಲ್ಲಿಯೇ ಕೂತಿತು. ಬಾಯಿ ಮಾತ್ರ ಮೈಸೂರಿನದು.

"ಅಯ್ಯೋ, ಇದೆಲ್ಲ ಯಾಕೆ ಮಾಡೋಕೆ ಹೋದ್ರಿ? ಬೇಡಿ ಬೇಡಿ."

"ನಾ ಹೇಳ್ಲಿಲ್ವಾ ಜಯಾ!" ಎಂದು ಪ್ರೇಮನಾಥ ಎದ್ದ. "ಪಾಪ, ಅವರು ಎರಡು ಸಲ ಹೇಳಿದ್ರು. ಬಲವಂತ ಮಾಡಬಾರ್ದು." ಅವನು ತಟ್ಟೆಯನ್ನು ಎತ್ತಿಕೊಂಡ. ಆಗಲೇ ಗೋಳಿಬಜೆಯ ಕಡೆಗೆ ಹೊರಟಿದ್ದ ಸುಮುಖನ ಕೈ ಗಾಳಿಯಲ್ಲಿ ಒಂದು ಕ್ಷಣ ನಿಂತು, ದಾರಿ ಬದಲಿಸಿ, ತಲೆ ಕೆರೆದುಕೊಂಡಿತು. ತಟ್ಟೆ ಮೂವರ ಮೂಗಿನ ಕೆಳಗಿನಿಂದ ಮೆರವಣಿಗೆ ಹೋಗಿ ಒಳಗೆ ಮರೆಯಾಯಿತು.

ಅಶ್ಮಿತಾ ಬಾಗಿಲ ಪರದೆಯನ್ನು ಹಿಡಿದು ನಿಂತಿದ್ದಳು. ಅವಳ ತುಟಿಗಳು "ಪಪ್ಪಾ" ಎಂದವು.

ಹೊರಡುವಾಗ ಜಯಲತಾ ಕುಂಕುಮ ಕೊಟ್ಟು, ತೆಂಗಿನಕಾಯಿ, ಬಾಳೆಹಣ್ಣು, ರವಿಕೆ ಕಣವನ್ನು ಚೀಲಕ್ಕೆ ಹಾಕಿದಳು. ಸುಬ್ಬಲಕ್ಷ್ಮಿ ದನಿಯನ್ನು ಬಿಗಿಹಿಡಿದು "ಕಾಯಿ ಎಲ್ಲ ಯಾಕೆ, ಭಾರ" ಎಂದಳು. ಮರ್ಯಾದೆಗೆ ಅವಳು ಕೊಟ್ಟ ಕೊನೆಯ ಅವಕಾಶ ಅದು. ಪ್ರೇಮನಾಥ "ಹೌದು, ಸುಮ್ಮನೆ ಭಾರ" ಎಂದು ತೆಂಗಿನಕಾಯಿಯನ್ನು ಚೀಲದಿಂದ ಹೊರಗೆ ತೆಗೆದ.

ಹೆಣ್ಣಿನ ಮನೆಯಿಂದ ಬರಿಹೊಟ್ಟೆಯಲ್ಲಿ, ಕಾಯಿ ಕಿತ್ತುಕೊಂಡು ಕಳಿಸಿದರೆ ಅದಕ್ಕೆ ಏನರ್ಥ ಎಂದು ಮೈಸೂರಿನಲ್ಲೂ ಯಾರೂ ಬಿಡಿಸಿ ಹೇಳುವುದಿಲ್ಲ. ಲಿಫ್ಟಿನಲ್ಲಿ ಮೂವರೂ ಬಾಗಿಲನ್ನೇ ನೋಡುತ್ತ ನಿಂತರು. ಜೊತೆಗೆ ಇಳಿಯುತ್ತಿದ್ದ ಮ್ಹಾತ್ರೆ ಕಾಕು ಅವರ ಮುಖಗಳನ್ನು ಓದಿದಳು.

"ಪ್ರೇಮನಾಥ್ ಕೇ ಘರ್ ಗಯೇ ಥೇ? ಚಾಯ್ ಭೀ ನಹೀ ಮಿಲಾ ನಾ?" ಎಂದು ಕಾಕು ದನಿ ತಗ್ಗಿಸಿದಳು. "ಬೇಚಾರಾ. ನೌಕ್ರಿ ಗಯಾ ಉಸ್ಕಾ. ಹಮ್ ಲೋಗ್ ಹೀ ಶಕ್ಕರ್ ದಿಯಾ."

ಲಿಫ್ಟ್ ನೆಲಕ್ಕೆ ತಲುಪಿತು. ಸುಬ್ಬಲಕ್ಷ್ಮಿಯ ಮುಖ ಅದಕ್ಕಿಂತ ಕೆಳಗೆ ಹೋಗಿತ್ತು.

ಸ್ವಲ್ಪ ಹೊತ್ತಿಗೆ ಲೀಲಾಧರ ಬೆವರು ಒರೆಸಿಕೊಳ್ಳುತ್ತ ಮೇಲೆ ಬಂದ. "ಎಲ್ಲಿ, ಬರ್ಲಿಲ್ವಾ ಇನ್ನೂ? ಅದಿರ್ಲಿ ಜಯಾ, ಒಂದು ತಮಾಷೆ ಕೇಳು. ಸ್ಟೇಷನ್ನಿನ ಹತ್ರ ವಡಾಪಾವಿನ ಗಾಡಿ ಉಂಟಲ್ಲ, ಅಲ್ಲಿ ಒಂದು ಕುಟುಂಬ. ಹೆಂಗಸು ರೇಷ್ಮೆ ಸೀರೆ ಉಟ್ಟು, ಮೂಗುತಿ ಹಾಕಿ ಕಾರಿನಿಂದ ಇಳಿದು ವಡಾಪಾವ್ ತಿನ್ತಾ ಇದ್ದಾರೆ. ಗಂಡ ಎರಡು ಕೈಯಲ್ಲಿ ಎರಡು ಹಿಡ್ಕೊಂಡಿದ್ದಾರೆ. ಹುಡುಗ ಮೆಣಸಿನಕಾಯಿ ಕಚ್ಚಿ ಕಣ್ಣೀರು ಹಾಕ್ತಾ ಇದ್ದಾನೆ. ಯಾರ ಮನೆಗೆ ಹೋಗಿದ್ರೋ! ಊಟ ಹಾಕದೆ ಕಳಿಸಿದ್ದಾರೆ ಪಾಪಿಗಳು!"

ಯಾರೂ ನಗಲಿಲ್ಲ. ಲೀಲಾಧರ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದು, ಟೀಪಾಯಿಯ ಮೇಲೆ ಒಂಟಿಯಾಗಿ ಕೂತಿದ್ದ ತೆಂಗಿನಕಾಯಿಯ ಮೇಲೆ ಕಣ್ಣು ನಿಲ್ಲಿಸಿದ.

"ಭಾವ" ಎಂದ ನಿಧಾನವಾಗಿ. "ನೀವು ಎಂತ ಮಾಡಿದ್ರಿ?"

ಅಷ್ಟರಲ್ಲಿ ಅಶ್ಮಿತಾಳ ಫೋನಿಗೆ ಸುಮುಖನ ಸಂದೇಶ ಬಂತು. ಅವಳು ಅದನ್ನು ಓದಿ, ಫೋನನ್ನು ಸೋಫಾದ ಮೇಲೆ ಎಸೆದಳು. "ಆಂಟೀನೇ ನಾ ಬೋಲ್ ದಿಯಾ, ಮದುವೆ ಬೇಡಂತೆ. ಇನ್ಸಲ್ಟ್ ಮಾಡಿ ಕಳಿಸಿದ್ರಂತೆ. ಮತ್ತೆ ನೌಕರಿ ಹೋದದ್ದನ್ನು ಮುಚ್ಚಿಟ್ಟಿದ್ದೀವಂತೆ. ಪಪ್ಪಾ, ನಿಮ್ಮ ನೌಕರಿ ಯಾವಾಗ ಹೋಯ್ತು?"

"ನನ್ನ ನೌಕರಿಯಾ?" ಎಂದು ಪ್ರೇಮನಾಥ ಜೇಬು ಮುಟ್ಟಿ ನೋಡಿಕೊಂಡ. ನೌಕರಿ ಅಲ್ಲಿಯೇ ಎಲ್ಲೋ ಇರಬೇಕಿತ್ತು ಎಂಬ ಹಾಗೆ.

ಅಶ್ಮಿತಾ ಕೋಣೆಯ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಅಳು ಕೇಳಿಸಲಿಲ್ಲ. ಅದೇ ಪ್ರೇಮನಾಥನಿಗೆ ಹೆದರಿಕೆ ಹುಟ್ಟಿಸಿತು.

"ಈಗಲೇ ಫೋನ್ ಮಾಡಿ" ಎಂದು ಲೀಲಾಧರ ಗುಡುಗಿದ. "ಕ್ಷಮೆ ಕೇಳ್ಲಿಕ್ಕೆ ಬರ್ತೇವೆ ಅಂತ ಹೇಳಿ."

ಪ್ರೇಮನಾಥ ಫೋನ್ ಮಾಡಿದ. ಮಾತಾಡಿದ. ಇಟ್ಟ.

"ಎಂತ ಹೇಳಿದ್ರು?"

"ಬರೋದೇನೂ ಬೇಡ, ಪರವಾಗಿಲ್ಲ ಅಂದ್ರು. ಹಾಗಾದ್ರೆ ಹೋಗುವ ಹಾಗಿಲ್ಲ."

ಲೀಲಾಧರ ಎರಡು ಕೈಯಲ್ಲೂ ತಲೆ ಹಿಡಿದುಕೊಂಡ. "ನಿಮಗೆ ಮರ್ಲು ಭಾವ, ಪೂರ್ತಿ ಹುಚ್ಚು! ಹೋಗ್ಲೇಬೇಕು ಅಂತ ಅರ್ಥ ಅದು! ಮುಂದಿನ ಭಾನುವಾರ ಹೋಗುದು, ನಾನೇ ಫೋನ್ ಮಾಡಿ ಹೇಳ್ತೇನೆ. ಬೆಳಿಗ್ಗೆಯಿಂದ ಎಂತದೂ ತಿನ್ಬೇಡಿ. ಅವರು ಕೊಟ್ಟದ್ದನ್ನೆಲ್ಲ ತಿನ್ಬೇಕು, ಅದೇ ಕ್ಷಮೆ. ಆದ್ರೆ ಹಸಿದವರ ಹಾಗೆ ಬಾಯಿ ಬಿಡ್ಬೇಡಿ, ನೌಕರಿ ಹೋದದ್ದು ನಿಜ ಅಂತ ಆಗ್ತದೆ. ಎರಡು ಸಲ ಬೇಡ, ಮೂರನೇದಕ್ಕೆ ಹೂಂ. ಹೇಳಿ ನೋಡುವ. ಶಿರಾ ಬೇಕಾ ಭಾವ?"

"ಬೇಡ."

"ಶಿರಾ ಬೇಕಾ?"

"ಒಂದ್ಸಲ ಹೇಳಿದೆನಲ್ಲ?"

"ಅಯ್ಯೋ ದೇವ್ರೇ!"

ಆ ವಾರವೆಲ್ಲ ಫೋನಿನಲ್ಲಿ ಪಾಠ ನಡೆಯಿತು. ಹೋಟೆಲಿನ ಗಲ್ಲಾದಲ್ಲಿ ಕೂತು ಲೀಲಾಧರ "ಬೇಕಾ? ಬೇಕಾ?" ಎಂದು ಫೋನಿಗೆ ಕೂಗುವುದನ್ನು ಕೇಳಿ ಗಿರಾಕಿಗಳು ತಾವಾಗಿಯೇ ಶಿರಾ ತರಿಸಿಕೊಂಡರು. ಶನಿವಾರದ ಹೊತ್ತಿಗೆ ಪ್ರೇಮನಾಥ ತಯಾರಾಗಿದ್ದ. ಒಂದು ಮುಂದುವರಿದ ದೇಶವನ್ನು ಹಿಂದಕ್ಕೆ ತರುವುದು ಸುಲಭವಲ್ಲ, ಆದರೂ ಮಗಳ ಮುಚ್ಚಿದ ಬಾಗಿಲಿನ ಎದುರು ಅವನು ಅದನ್ನು ಸಾಧಿಸಿದ.

ಅತ್ತ ಸಾನಪಾಡಾದಲ್ಲಿ ಬೇರೆಯದೇ ಆಗುತ್ತಿತ್ತು. ಜಗನ್ನಾಥ ವಾರವಿಡೀ ಬಾಲ್ಕನಿಯಲ್ಲಿ ಕೂತು ಯೋಚಿಸಿದ್ದರು.

"ಆತ ನಮಗೆ ಅವಮಾನ ಮಾಡ್ಲಿಲ್ಲ ಕಣೇ. ನಮ್ಮ ಮಾತಿಗೆ ಬೆಲೆ ಕೊಟ್ರು."

"ಬೆಲೆ ಕೊಟ್ರು, ಬೋಂಡ ಕೊಡ್ಲಿಲ್ಲ" ಎಂದಳು ಸುಬ್ಬಲಕ್ಷ್ಮಿ.

"ಅಲ್ಲ, ನೀನು ವಿಚಾರ ಮಾಡು. ಮಾತಿನ ಮೇಲೆ ನಂಬಿಕೆ ಇಲ್ದೇ ಇರೋ ಕಡೆ ಒಂದೊಂದು ವ್ಯವಹಾರಕ್ಕೂ ಮೂರು ಪಟ್ಟು ಖರ್ಚು. ನಾನು ಮೂವತ್ತು ವರ್ಷ ವರದಿ ಬರೆದೆ, ಇಷ್ಟು ಸರಳವಾಗಿ ಹೇಳೋಕೆ ನನಗೆ ಬರ್ಲಿಲ್ಲ."

"ಬರ್ತಾರಲ್ಲ, ಬರ್ಲಿ. ಮರ್ಯಾದೆಗೆ ಮಾತ್ರ ನಾನು ಬಾಗಿಲು ತೆಗೆಯೋದು. ಹುಡುಗಿ ವಿಷಯ ಮುಗೀತು."

ಹಾಗೆಂದವಳು ಭಾನುವಾರ ಬೆಳಿಗ್ಗೆ ದೊಡ್ಡ ಪಾತ್ರೆಯಲ್ಲಿ ಬಿಸಿಬೇಳೆಬಾತಿಗೆ ಇಟ್ಟಳು. ನಾವು ಅವರ ಹಾಗಲ್ಲ ಎಂದು ತೋರಿಸುವುದಕ್ಕೆ.

ಐರೋಲಿಯ ಮೂವರೂ ಲೀಲಾಧರನೂ ಬಂದರು. ಪ್ರೇಮನಾಥನ ಕೊರಳಲ್ಲಿ ಭಾನುವಾರವೂ ಕಂಪನಿಯ ಗುರುತಿನ ಚೀಟಿ ತೂಗುತ್ತಿತ್ತು. ಅದು ಲೀಲಾಧರನ ಆಜ್ಞೆ. ಜಗನ್ನಾಥ ಅದನ್ನು ಕೈಯಲ್ಲಿ ಹಿಡಿದು ಓದಿ, ಫೋಟೋವನ್ನೂ ಮುಖವನ್ನೂ ಹೋಲಿಸಿ ನೋಡಿ, "ಸದ್ಯ" ಎಂದರು. ಅಡುಗೆಮನೆಯಿಂದ ತುಪ್ಪದಲ್ಲಿ ಗೋಡಂಬಿ ಹುರಿಯುವ ಘಮ ಬಂತು. ಬೆಳಗಿನಿಂದ ಖಾಲಿಯಿದ್ದ ನಾಲ್ಕು ಹೊಟ್ಟೆಗಳು ಒಮ್ಮೆಗೇ ಎಚ್ಚರಗೊಂಡವು.

"ಬಿಸಿಬೇಳೆಬಾತ್ ತಗೋತೀರಾ?" ಎಂದರು ಜಗನ್ನಾಥ.

ಪ್ರೇಮನಾಥ ಪಾಠವನ್ನು ನೆನಪಿಸಿಕೊಂಡ. "ಬೇಡ ಬೇಡ. ಈಗಷ್ಟೆ ಊಟ ಆಯ್ತು."

ಜಗನ್ನಾಥ ತೊಡೆ ತಟ್ಟಿದರು. "ಕೇಳ್ದ್ಯಾ ಸುಬ್ಬು! ಇವರಿಗೆ ಬೇಡ. ನಾನು ಮತ್ತೆ ಕೇಳಲ್ಲ ಪ್ರೇಮನಾಥರೇ. ನಿಮ್ಮಂಥವರನ್ನ ಎರಡನೇ ಸಲ ಕೇಳೋದು ನಿಮಗೆ ಅವಮಾನ ಮಾಡಿದ ಹಾಗೆ."

ಪ್ರೇಮನಾಥ ಬಾಯಿ ತೆರೆದ. ಅದರೊಳಗೆ ಎರಡನೆಯ ಬೇಡವೂ ಮೂರನೆಯ ಹೂಂ ಕೂಡ ಸಾಲಾಗಿ ನಿಂತಿದ್ದವು. ಕೇಳುವವರಿರಲಿಲ್ಲ.

"ಸಾರ್, ಅವರು ಹೇಳುದು ಹಾಗೆ..." ಎಂದು ಲೀಲಾಧರ ಧಾವಿಸಿದ.

"ನಿಮಗೆ ಬೇಕಾ?"

"ಛೆ ಛೆ, ನಂಗೆಂತಕ್ಕೆ ಸಾರ್!" ಎಂದುಬಿಟ್ಟ ಲೀಲಾಧರ. ಹುಟ್ಟುಗುಣ, ಕೈಯಿಂದ ಬಾಯಿ ಮುಚ್ಚುವಷ್ಟು ಸಮಯವೂ ಸಿಗಲಿಲ್ಲ. ಜಯಲತಾಳನ್ನು ಕೇಳಿದಾಗ ಅವಳೂ, ತಲೆ ತಾನಾಗಿ ಆಡುವುದಕ್ಕೆ ತಾನೇ ಗಾಬರಿಯಾಗುತ್ತ, ಬೇಡವೆಂದು ತಲೆಯಾಡಿಸಿದಳು.

ಜಗನ್ನಾಥರೊಬ್ಬರೇ ಸಂತೋಷದಿಂದ ಸುತ್ತಲೂ ನೋಡುತ್ತಿದ್ದರು. ಒಂದು ಕೋಣೆಯ ಮಟ್ಟಿಗಾದರೂ ದೇಶ ಮುಂದುವರಿದಿತ್ತು.

ಅಶ್ಮಿತಾಳನ್ನು ಯಾರೂ ಕೇಳಲಿಲ್ಲ. ಅವಳು ತಂದೆಯನ್ನು ನೋಡಿದಳು, ಸೋದರಮಾವನನ್ನು ನೋಡಿದಳು, ಎದ್ದು ನೇರವಾಗಿ ಅಡುಗೆಮನೆಗೆ ಹೋದಳು. ಅವಳ ದನಿ ಹೊರಗೆ ಕೇಳಿಸಿತು.

"ಆಂಟಿ, ಬಹುತ್ ಭೂಕ್ ಲಗೀ ಹೈ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಪ್ಲೇಟ್ ಎಲ್ಲಿದೆ?"

ಪಾತ್ರೆಯ ಮುಚ್ಚಳ ತೆಗೆದ ಸದ್ದಾಯಿತು. ಜಯಲತಾ ಕಣ್ಣು ಮುಚ್ಚಿಕೊಂಡಳು. ಕ್ಷಮೆ ಕೇಳಲು ಬಂದ ಮನೆಯಲ್ಲಿ, ಬೇಡ ಎಂದು ಹೇಳಿಸಿಕೊಂಡ ಹುಡುಗಿ ತಾನೇ ಮುಚ್ಚಳ ತೆಗೆಯುವುದೇ? ಇನ್ನು ಉಳಿದದ್ದೂ ಹೋಯಿತು.

ಒಳಗೆ ಸುಬ್ಬಲಕ್ಷ್ಮಿ ಏನೋ ಕೇಳಿದಳು. ಅಶ್ಮಿತಾ ಏನೋ ಹೇಳಿದಳು. ಆಮೇಲೆ ಸುಬ್ಬಲಕ್ಷ್ಮಿ ನಕ್ಕದ್ದು ಕೇಳಿಸಿತು. ಸುಮುಖ ನೀರು ತರುತ್ತೇನೆಂದು ಒಳಗೆ ಹೋದವನು ಹಿಂದಿರುಗಲಿಲ್ಲ. "ಜಯಲತಾ, ನೀವೂ ಒಳಗೆ ಬನ್ನಿ, ಅಲ್ಲೇನು ಗಂಡಸರ ಜೊತೆ" ಎಂದು ಕರೆ ಬಂತು. ಜಯಲತಾಳೂ ಹೋದಳು. ಸೌಟು ತಟ್ಟೆಗೆ ತಾಗುವ ಸದ್ದು ಒಂದರ ಮೇಲೊಂದು ಬರತೊಡಗಿತು.

ಹಾಲ್‌ನಲ್ಲಿ ಮೂವರು ಗಂಡಸರು ಉಳಿದರು. "ಹಾಗಾದರೆ" ಎಂದರು ಜಗನ್ನಾಥ, "ನಿಮ್ಮ ಪ್ರಕಾರ ಚೀನಾ ಮುಂದುವರಿದ ದೇಶವೋ ಅಲ್ಲವೋ?"

"ಅಲ್ಲಿ ಊಟಕ್ಕೆ ಎಷ್ಟು ಸಲ ಕೇಳ್ತಾರೆ ಅಂತ ನಂಗೆ ಗೊತ್ತಿಲ್ಲ ಸಾರ್" ಎಂದ ಪ್ರೇಮನಾಥ, ಅಡುಗೆಮನೆಯ ಬಾಗಿಲಿನಿಂದ ಕಣ್ಣು ಕೀಳದೆ.

ಕೊನೆಗೆ ಸುಬ್ಬಲಕ್ಷ್ಮಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಬಂದಳು.

"ರೀ, ಪಂಚಾಂಗ ಎಲ್ಲಿಟ್ಟಿದೀರಿ?"

"ಯಾಕೆ? ನೀನು ಬೇಡ ಅಂದಿದ್ಯಲ್ಲ!"

"ಅಂದಿದ್ದೆ. ಏನೀಗ?" ಎಂದಳು ಸುಬ್ಬಲಕ್ಷ್ಮಿ. "ಹೇಗಿದೆಯಮ್ಮ ಅಂತ ಕೇಳ್ದೆ. ಉಪ್ಪು ಸ್ವಲ್ಪ ಕಮ್ಮಿ ಆಂಟಿ ಅಂದ್ಲು. ನೋಡಿದ್ರೆ ಹೌದು, ಕಮ್ಮಿ! ಉಪ್ಪು ಹಾಕ್ಕೊಂಡು ತಾನೇ ಎರಡನೇ ಸಲ ಬಡಿಸ್ಕೊಂಡ್ಲು. ನಿಮ್ಮನ್ನ ಇಷ್ಟು ವರ್ಷದಿಂದ ಕೇಳ್ತಿದೀನಿ, ಒಂದು ದಿನ ನಿಜ ಹೇಳಿದೀರಾ? ಚೆನ್ನಾಗಿದೆ, ಚೆನ್ನಾಗಿದೆ ಅಂತ ಹೇಳಿ ಉಪ್ಪಿನಕಾಯಿ ನೆಕ್ತೀರಿ. ಈ ಹುಡುಗಿ ಹಸಿವು ಅಂದ್ರೆ ಹಸಿವು. ಇವಳ ಜೊತೆ ನಾನು ಬಾಳ್ತೀನಿ. ಮುಂದಿನ ತಿಂಗಳು ದಿನ ನೋಡಿ."

ಪ್ರೇಮನಾಥನ ಕಣ್ಣು ತುಂಬಿತು. ಅದು ಸಂತೋಷದಿಂದಲೋ ಹಸಿವಿನಿಂದಲೋ ಎಂದು ಬೇರ್ಪಡಿಸಿ ನೋಡುವ ಸ್ಥಿತಿಯಲ್ಲಿ ಅವನಿರಲಿಲ್ಲ. "ಅಕ್ಕಾ" ಎಂದ, "ಈ ಒಂದು ಶುಭ ಸುದ್ದಿಗಾದ್ರೂ ನಮಗೆ ಸ್ವಲ್ಪ ಬಿಸಿಬೇಳೆ..."

"ನೀವೆಲ್ಲ ಬೇಡ ಅಂದ್ರಲ್ಲ!" ಎಂದು ಸುಬ್ಬಲಕ್ಷ್ಮಿ ಪಾತ್ರೆಯನ್ನು ತಂದು ತೋರಿಸಿದಳು. ಅದರಲ್ಲಿ ಏನೂ ಉಳಿದಿರಲಿಲ್ಲ. ತಳದಲ್ಲಿ ಮಾತ್ರ ಒಂದು ಕೈತುತ್ತಿನಷ್ಟು, ಕೆಂಪಗೆ ಹೊತ್ತಿ, ತುಪ್ಪ ಹೀರಿ ಗರಿಗರಿಯಾಗಿ ಹಿಡಿದುಕೊಂಡಿತ್ತು.

ಇಬ್ಬರು ತಂದೆಯರೂ ಪಾತ್ರೆಯ ಮೇಲೆ ಬಾಗಿದರು.

"ನೀವು ತಗೊಳ್ಳಿ" ಎಂದರು ಜಗನ್ನಾಥ.

"ಛೆ, ನೀವು ತಗೊಳ್ಳಿ."

"ಎಲ್ಲಾದ್ರೂ ಉಂಟೇ? ನೀವು ಬೀಗರು. ನೀವು ತಗೋಬೇಕು."

"ನಿಮ್ಮ ಮನೇದು. ನೀವು ತಗೊಳ್ಳದೆ ನಾನು ಮುಟ್ಟುದಿಲ್ಲ."

"ನನ್ನಾಣೆ, ನೀವು ತಗೊಳ್ಳಿ."

"ನೀವು ಮೊದ್ಲು."

ಒಬ್ಬರು ಪಾತ್ರೆಯನ್ನು ಅತ್ತ ನೂಕಿದರು, ಇನ್ನೊಬ್ಬರು ಇತ್ತ ನೂಕಿದರು. ಇಬ್ಬರೂ ನಿಜವಾಗಿ ನೊಂದುಕೊಂಡವರಂತೆ ಮುಖ ಮಾಡಿದರು. ಏಳನೆಯ ಸಲವೋ ಎಂಟನೆಯ ಸಲವೋ ಇಬ್ಬರೂ ಕೈ ಹಿಂದಕ್ಕೆ ತೆಗೆದ ಒಂದು ಗಳಿಗೆ ಪಾತ್ರೆ ನಡುವೆ ಸುಮ್ಮನೆ ನಿಂತಿತು. ಲೀಲಾಧರ ಚಮಚ ತಂದು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೆರೆಯತೊಡಗಿದ. ಅವನನ್ನು ಯಾರೂ ಕೇಳಿರಲಿಲ್ಲ.